ಸಾಕ್ಸ್ ಹಾಕಿ ಒಳಗೆ ಬನ್ನಿ

ವಿದ್ಯಾರ್ಥಿಗಳು ಬರುವ ಮುಂಚಿನ ಅರ್ಧ ಗಂಟೆ ವಿಮಲಾಕ್ಷಿಯವರದು. ಆ ಮಂಗಳವಾರವೂ ಅವರು ಲ್ಯಾಬಿನ ಮೂಲೆಯ ಮೇಜಿನ ಮುಂದೆ ಕುಳಿತು, ಕಂಪ್ಯೂಟರಿನ ತಗಡಿನ ಮುಚ್ಚಳ ಬಿಚ್ಚಿ, ಒಳಗಿಂದ ರ್ಯಾಮ್ ಕಡ್ಡಿಯನ್ನು ಎತ್ತಿಕೊಂಡು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲಾಮಕ್ಕಳ ರಬ್ಬರಿನಿಂದ ಉಜ್ಜುತ್ತಿದ್ದರು. ಹಲ್ಲಿಗೆ ಕೊಳೆ ಹಿಡಿದಿದ್ದರೆ ರಬ್ಬರಿಗೆ ಹೋಗುತ್ತದೆ. ಊರಿನ ಅರ್ಧದಷ್ಟು ಕಂಪ್ಯೂಟರ್ ರಿಪೇರಿ ಇಷ್ಟರಲ್ಲೇ ಮುಗಿಯುತ್ತಿದ್ದ ಕಾಲ ಅದು. ಉಜ್ಜಿ, ಊದಿ, ಕಡ್ಡಿಯನ್ನು ಅದರ ಸಂದಿಯಲ್ಲಿ ಟಕ್ ಎನ್ನುವವರೆಗೆ ಒತ್ತಿ ಸ್ವಿಚ್ ಹಾಕಿದರು. ಪರದೆ ಕಪ್ಪಾಗಿಯೇ ಉಳಿಯಿತು. ಡಬ್ಬದೊಳಗಿಂದ ಉದ್ದನೆಯ ಬೀಪ್ ಬಂತು, ನಿಂತಿತು, ಮತ್ತೆ ಬಂತು.

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಕಸ ಗುಡಿಸುವ ಮಾನಮ್ಮನಿಗೆ ಆ ಸದ್ದಿನ ಅರ್ಥ ಈ ಹೊತ್ತಿಗೆ ತಿಳಿದಿತ್ತು.

"ಇದೂ ಹೋಯ್ತಾ ಮೇಡಂ?"

"ಹೋಯ್ತು."

"ಸಾರ್‌ಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"

"ನೀವು ಕಸ ಗುಡಿಸಿ ಮಾನಮ್ಮ."

ಅದು ಎರಡು ಸಾವಿರನೇ ಇಸವಿಯ ಫೆಬ್ರವರಿ. ಶಿವಾಜಿನಗರದ ಆ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಸಂಕ್ರಾಂತಿ ಕಳೆದ ಮೇಲೆ ಹೆಚ್ಚುಕಡಿಮೆ ವಾರಕ್ಕೊಂದರಂತೆ ರ್ಯಾಮ್ ಸಾಯುತ್ತಿತ್ತು. ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಕಲಿಸುವವರು ವಿಮಲಾಕ್ಷಿ ಒಬ್ಬರೇ. ಯಂತ್ರಗಳನ್ನು ಬಿಚ್ಚುವವರೂ ಅವರೇ.

ವಿಮಲಾಕ್ಷಿ ಲಿಂಗಸುಗೂರಿನವರು. ಗುಲ್ಬರ್ಗದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಬೆಂಗಳೂರಿಗೆ ಬಂದಿದ್ದರು. ಗಂಡ ಈರೇಶ ವಿಮಾನ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದರು. ವಿಮಾನಪುರದಲ್ಲಿ ಬಾಡಿಗೆಯ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ. ಅಲ್ಲಿಂದ ದಿನಾ ಬಸ್ಸಿನಲ್ಲಿ ಶಿವಾಜಿನಗರ. ಪ್ರತಿ ಹೊಸ ಬ್ಯಾಚಿನ ಮೊದಲ ದಿನ ಹುಡುಗರು ಅವರನ್ನು ಕೇಳುವ ಪ್ರಶ್ನೆ ಒಂದೇ: "ಮೇಡಂ, ಪಾಠ ಮಾಡೋ ಸರ್ ಯಾವಾಗ ಬರ್ತಾರೆ?" ವಿಮಲಾಕ್ಷಿ ಉತ್ತರ ಕೊಡದೆ ಸ್ಕ್ರೂಡ್ರೈವರ್ ತೆಗೆದು ಡಬ್ಬ ಬಿಚ್ಚಲು ಶುರು ಮಾಡುತ್ತಿದ್ದರು. ಮದರ್‌ಬೋರ್ಡ್ ಹೊರಗೆ ಬರುವ ಹೊತ್ತಿಗೆ ಸರ್ ಬರುವ ಸಂಗತಿ ಎಲ್ಲರಿಗೂ ಮರೆತಿರುತ್ತಿತ್ತು.

ಅವರ ಪಾಠ ಬಸ್ ಸ್ಟ್ಯಾಂಡು ಮತ್ತು ದರ್ಶಿನಿಗಳ ಸುತ್ತಲೇ ತಿರುಗುತ್ತಿತ್ತು. ಹಾರ್ಡ್‌ಡಿಸ್ಕ್ ಎಂದರೆ ಹೋಟೆಲಿನ ಉಗ್ರಾಣ. ರ್ಯಾಮ್ ಎಂದರೆ ನಿಂತು ತಿನ್ನುವ ಮೇಜು. ಮೇಜು ದೊಡ್ಡದಿದ್ದಷ್ಟೂ ಒಟ್ಟಿಗೆ ಹೆಚ್ಚು ತಟ್ಟೆ ಹಿಡಿಯುತ್ತದೆ, ಅಂಗಡಿ ಮುಚ್ಚಿದರೆ ಮೇಜು ಒರೆಸಿ ಖಾಲಿ. ನೆಟ್‌ವರ್ಕಿಗೆ ಬಂದಾಗ ಕಿಟಕಿಯ ಪರದೆ ಸರಿಸಿ ಕೆಳಗೆ ಕೈ ತೋರಿಸುತ್ತಿದ್ದರು.

"ಹಬ್ ಅಂದ್ರೆ ಅದೇ, ಬಸ್ ಸ್ಟ್ಯಾಂಡು. ಹಲಸೂರಿಂದ ಬಂದಿದ್ದೂ ಇಲ್ಲಿಗೇ ಬರ್ಬೇಕು, ಕೆ.ಆರ್. ಪುರಕ್ಕೆ ಹೋಗೋದೂ ಇಲ್ಲಿಂದ್ಲೇ ಹೋಗ್ಬೇಕು."

"ಅದಕ್ಕೇನಾ ಮೇಡಂ ನಮ್ಮ ನೆಟ್‌ವರ್ಕ್ ಇಷ್ಟು ಲೇಟು?" ಎಂದು ಕೇಳಿದವಳು ಸುರಯ್ಯಾ. ಪಕ್ಕದ ಬೀದಿಯವಳು, ಬಿ.ಕಾಂ. ಓದುತ್ತಿದ್ದವಳು, ಆ ಬ್ಯಾಚಿನಲ್ಲಿ ಎಲ್ಲರಿಗಿಂತ ಜೋರು ಬಾಯಿ.

ಕೇಂದ್ರದ ಮಾಲೀಕ ಭಗವಂತರಾಯರು ಗುಲ್ಬರ್ಗ ಸೀಮೆಯ ಸೇಡಂ ಕಡೆಯವರು. ಇಪ್ಪತ್ತು ವರ್ಷ ಅದೇ ಎರಡನೇ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಟೈಪಿಂಗ್ ಕಲಿಯುವವರು ಕಡಿಮೆಯಾದಾಗ ಯಂತ್ರಗಳನ್ನೆಲ್ಲ ಗುಜರಿಗೆ ತೂಕಕ್ಕೆ ಹಾಕಿ ಕಂಪ್ಯೂಟರ್ ತಂದರು. ಟೈಪ್‌ರೈಟರುಗಳ ಮೇಲೆ ಅವರಿಗೆ ಸಲಿಗೆ ಇತ್ತು. ಎಣ್ಣೆ ಬಿಡುತ್ತಿದ್ದರು, ಬೈಯುತ್ತಿದ್ದರು, ಒಮ್ಮೊಮ್ಮೆ ತಟ್ಟುತ್ತಿದ್ದರು. ಕಂಪ್ಯೂಟರುಗಳ ಮೇಲೆ ಅವರಿಗಿದ್ದುದು ಭಕ್ತಿ. ಎ.ಸಿ. ಬಂತು, ಕಿಟಕಿಗೆ ದಪ್ಪ ಪರದೆ ಬಂತು, ಪ್ರತಿ ಯಂತ್ರಕ್ಕೂ ಹೊಲಿಸಿದ ಮುಸುಕು ಬಂತು. ಆಮೇಲೆ ಹೊಸ್ತಿಲ ಹೊರಗೆ ಪಾದರಕ್ಷೆ ಬಿಡುವ ಕಟ್ಟಳೆ ಬಂತು. ನೆಲ ಅಂತಸ್ತಿನಲ್ಲಿ ಚಪ್ಪಲಿ ಅಂಗಡಿ ಇತ್ತು. ಅಲ್ಲಿ ಕೊಂಡು ಹಾಕಿಕೊಂಡವರು ಇಲ್ಲಿ ಹತ್ತಿ ಬಂದು ಬಿಚ್ಚಿಡುತ್ತಿದ್ದರು.

ಮುಚ್ಚಿಹೋದ ಹೋಟೆಲೊಂದರಿಂದ ಕೆನೆ ಬಣ್ಣದ ನೈಲಾನ್ ಕಾರ್ಪೆಟ್ ಅಗ್ಗಕ್ಕೆ ಸಿಕ್ಕಿದಾಗ ಲ್ಯಾಬ್ ಪೂರ್ತಿ ಗರ್ಭಗುಡಿಯಾಯಿತು. ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಗಳು ಹೊರಗೇ ನಿಂತು, ಒಳಗಿನ ತಂಪು ಮುಖಕ್ಕೆ ಬಡಿದಾಗ ದನಿ ತಗ್ಗಿಸುತ್ತಿದ್ದರು. ಒಬ್ಬ ತಾಯಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಂದು ಸಂಜೆಯೇ ಆಕೆಯ ಮಗನ ಅಡ್ಮಿಷನ್ ಆಯಿತು. ಕಾರ್ಪೆಟ್ಟಿನ ಮಹಿಮೆ ಭಗವಂತರಾಯರಿಗೆ ಆಗ ಅರ್ಥವಾದದ್ದು.

ಆದರೆ ಗರ್ಭಗುಡಿಗೆ ಬರಿಗಾಲಲ್ಲಿ ಬರುವವರ ಕಾಲು ಶಿವಾಜಿನಗರದ ರಸ್ತೆಯಿಂದ ಬಂದಿರುತ್ತದೆ. ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಕೆನೆ ಬಣ್ಣದ ಮೇಲೆ ಹೆಜ್ಜೆ ಗುರುತು ಮೂಡತೊಡಗಿತು. ಭಗವಂತರಾಯರು ರಸೆಲ್ ಮಾರ್ಕೆಟ್ ಬಳಿಯ ಫುಟ್‌ಪಾತಿನಿಂದ ಬಿಳಿ ನೈಲಾನ್ ಸಾಕ್ಸುಗಳನ್ನು ಹೋಲ್‌ಸೇಲಿನಲ್ಲಿ ತಂದು ಬಾಗಿಲ ಬಳಿ ಬುಟ್ಟಿಯಲ್ಲಿಟ್ಟರು. ಮೇಲೆ ಬೋರ್ಡು: 'ಸಾಕ್ಸ್ ಹಾಕಿ ಒಳಗೆ ಬನ್ನಿ.' ಶನಿವಾರ ಶನಿವಾರ ಮಾನಮ್ಮ ಅವನ್ನೆಲ್ಲ ಒಗೆದು ತಾರಸಿಯಲ್ಲಿ ಒಣಹಾಕಿದರೆ, ಫುಟ್‌ಬಾಲ್ ತಂಡವೊಂದು ಮೇಲೆ ಬಾಡಿಗೆಗೆ ಬಂದಂತೆ ಬಸ್ ಸ್ಟ್ಯಾಂಡಿಗೆ ಕಾಣುತ್ತಿತ್ತು. ಕಟ್ಟಳೆಯನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಜಾರಿ ಮಾಡಿದವರು ವಿಮಲಾಕ್ಷಿ. ಹೆಬ್ಬೆರಳು ಹರಿದ ಸಾಕ್ಸ್ ಹಾಕಿಕೊಂಡವರನ್ನು ಬದಲಾಯಿಸಿ ಬರಲು ವಾಪಸ್ ಕಳಿಸುತ್ತಿದ್ದರು.

ಹೊಸ ಸಹಸ್ರಮಾನಕ್ಕೆ 'ವೈಟೂಕೆ' ಎಂಬ ದೋಷದಿಂದ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಪೇಪರಿನಲ್ಲಿ ಓದಿದ್ದ ಭಗವಂತರಾಯರು ಡಿಸೆಂಬರ್ ಮೂವತ್ತೊಂದಕ್ಕೆ ಪ್ಲಗ್ ಎಲ್ಲ ಕೀಳಿಸಿದರು. ಜನವರಿ ಮೂರರಂದು ತೆಂಗಿನಕಾಯಿ ಒಡೆದು ಒಂದೊಂದಾಗಿ ಹಾಕಿಸಿದರು. ಏನೂ ಆಗಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಮೊದಲ ರ್ಯಾಮ್ ಹೋದಾಗ, "ವೈಟೂಕೆ ಬಂತು ಗುರು, ಬಸ್ ಸಿಕ್ಕಿಲ್ಲ, ಅದಕ್ಕೇ ಲೇಟು" ಎಂದು ಹುಡುಗನೊಬ್ಬ ಹೇಳಿದ. ಎಲ್ಲರೂ ನಕ್ಕರು. ಭಗವಂತರಾಯರು ನಗಲಿಲ್ಲ, ಅವರು ಅದನ್ನು ನಂಬಿದರು.

ಎರಡನೆಯದೂ ಹೋಯಿತು. ಹೊಸದು ತರಲು ಅಂಗಡಿಗೆ ಹೋದಾಗ ಅವರ ನಂಬಿಕೆ ಬದಲಾಯಿತು. ತೈವಾನ್‌ನಲ್ಲಿ ಭೂಕಂಪವಾದ ಮೇಲೆ ರ್ಯಾಮ್ ಬೆಲೆ ಏರಿದೆ, ಕೆಲವು ಆಫೀಸುಗಳಲ್ಲಿ ಕೆಲಸದವರೇ ಒಳ್ಳೆಯ ಕಡ್ಡಿ ಕದ್ದು ಸತ್ತ ಕಡ್ಡಿ ಸಿಕ್ಕಿಸುತ್ತಿದ್ದಾರೆ ಎಂದು ಅಂಗಡಿಯವನು ಹೇಳಿದ್ದ. ಭಗವಂತರಾಯರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಲೆಕ್ಕ ಕೂಡಿತ್ತು: ಡಬ್ಬ ಬಿಚ್ಚುವವರು ಒಬ್ಬರೇ.

ಆ ಮಂಗಳವಾರ ಇನ್ನೊಂದು ಸತ್ತ ಸುದ್ದಿಯನ್ನು ವಿಮಲಾಕ್ಷಿ ಹೇಳಿದಾಗ ಅವರು ಲ್ಯಾಬಿಗೆ ಬಂದು ವಿದ್ಯಾರ್ಥಿಗಳ ಎದುರಿಗೇ ಕೇಳಿದರು.

"ಒಳ್ಳೇ ಕಡ್ಡಿ ಎಲ್ಲಿ ಹೋತ್ರೀ ಮೇಡಂ?"

"ಇದೇ ಸಾರ್ ಅದು. ಸತ್ತಿದೆ."

"ಸತ್ತದ್ದು ತೋರ್ಸಾಕ ಹತ್ತೀರಿ. ನಾ ಕೇಳ್ತಿರೋದು ಬದುಕಿದ್ದು ಎಲ್ಲಿ ಅಂತ." ಸಿಟ್ಟು ಬಂದರೆ ಅವರ ಬಾಯಲ್ಲಿ ಸೇಡಂ ಮಾತು ನುಸುಳುತ್ತಿತ್ತು.

"ಅಂಗಡಿಯವರ ಸ್ಟಿಕ್ಕರ್ ಇದೆ ಸಾರ್ ಇದರ ಮೇಲೆ."

"ಸ್ಟಿಕ್ಕರ್ ಕಿತ್ತು ಅಂಟ್ಸೋದು ದೊಡ್ಡ ವಿದ್ಯೆನಾ? ಇನ್ನೊಂದು ಹೋದ್ರೆ ನೀವು ಇರಲ್ಲ. ನಮ್ ಲೈನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ನೆನಪಿಟ್ಕೊಳ್ಳಿ." ಅದನ್ನೇ ದಖ್ಖನಿ ಉರ್ದುವಿನಲ್ಲಿ ಇನ್ನೊಮ್ಮೆ ಹೇಳಿ, ಯಾರಿಗೂ ಅರ್ಥವಾಗದೆ ಉಳಿಯಲಿಲ್ಲವೆಂದು ಖಚಿತ ಮಾಡಿಕೊಂಡು ಹೋದರು.

ಆ ಸಂಜೆ ಮನೆಯಲ್ಲಿ ಈರೇಶ, "ಬಿಡು ಅತ್ಲಾಗ. ಇಂದಿರಾನಗರದಾಗ ಮಾರಿಗೊಂದು ಇನ್‌ಸ್ಟಿಟ್ಯೂಟ್ ಅದಾವು" ಎಂದರು.

"ಅಲ್ಲೂ ಕೇಳ್ತಾರ, ಹಳೇ ಕೆಲಸ ಯಾಕ ಬಿಟ್ರಿ ಅಂತ. ಅವರಿಗೊಂದು ಫೋನ್ ಹಚ್ತಾರ. ಕಳ್ಳಿ ಅನ್ನೋ ಹೆಸರು ನನಗಿಂತ ಮೊದಲ ಹೋಗಿ ಕುಂತಿರ್ತದ."

ವಿಮಲಾಕ್ಷಿ ಮರುದಿನದ ಪಾಠ ತಯಾರು ಮಾಡಿಕೊಂಡರು. ಪಾಠದ ವಿಷಯ: ದೋಷ ಪತ್ತೆ ಹಚ್ಚುವುದು.

ಮರುದಿನ ತರಗತಿಯಲ್ಲಿ ಅವರು ಎಂದಿನಂತೆ ಹೇಳಿದರು. "ಯಂತ್ರ ನಿನ್ನೆವರೆಗೂ ಸರಿ ಇತ್ತು, ಇವತ್ತು ಕೆಟ್ಟಿದೆ ಅಂದ್ರೆ, ಮೊದಲನೇ ಪ್ರಶ್ನೆ ಒಂದೇ: ಮಧ್ಯದಲ್ಲಿ ಏನು ಬದಲಾಯ್ತು?"

ತಡವಾಗಿ ಬಂದ ಸುರಯ್ಯಾ ಬುಟ್ಟಿಯಿಂದ ಸಾಕ್ಸ್ ಏರಿಸಿಕೊಂಡು, ಕಾರ್ಪೆಟ್ ಮೇಲೆ ಕಾಲೆಳೆಯುತ್ತ ಲ್ಯಾಬಿನ ಉದ್ದಕ್ಕೂ ನಡೆದು, ಕಬ್ಬಿಣದ ಕುರ್ಚಿಗೆ ಕೈ ಹಾಕಿದಳು. ಚಟ್ ಎಂದಿತು.

"ಅಲ್ಲಾ! ಮೇಡಂ, ಈ ಕುರ್ಚಿಗೂ ಕರೆಂಟ್ ಕನೆಕ್ಷನ್ ಕೊಟ್ಬಿಟ್ರಾ ಸಾರು?"

"ನಿಂಗೊಬ್ಬಳಿಗೇ ಅಲ್ಲ, ನಂಗೂ ಬಾಗಿಲ ಹಿಡಿ ದಿನಾ ಹೊಡೀತದೆ" ಎಂದ ಪಕ್ಕದವನು.

"ಹೋದ ವರ್ಷ ನಮ್ಮಣ್ಣ ಇಲ್ಲೇ ಕಲ್ತ. ಅವನಿಗೆ ಒಂದ್ಸಲಾನೂ ಹೊಡೀಲಿಲ್ವಂತೆ. ನಮಗೆ ಮಾತ್ರ ಸ್ಪೆಷಲ್ಲಾ?"

ವಿಮಲಾಕ್ಷಿ ತಮ್ಮ ಪ್ರಶ್ನೆಯನ್ನು ತಮಗೇ ಹಾಕಿಕೊಂಡರು. ಹೋದ ವರ್ಷವೂ ಕಾರ್ಪೆಟ್ ಇತ್ತು, ಎ.ಸಿ. ಇತ್ತು. ಆದರೆ ಹೋದ ವರ್ಷ ಇದೇ ಹೊತ್ತಿಗೆ ಹುಡುಗರು ಬರಿಗಾಲಲ್ಲಿ ಬರುತ್ತಿದ್ದರು. ಅವರು ತಮ್ಮ ಕಾಲು ನೋಡಿಕೊಂಡರು. ಬೆಳ್ಳಗಿತ್ತು.

ಅವರು ಪ್ರತಿ ಬ್ಯಾಚಿಗೂ ಮೊದಲ ವಾರದಲ್ಲೇ ಹೇಳಿಕೊಡುತ್ತಿದ್ದ ಪಾಠ ಅದು. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುತ್ತದಲ್ಲ, ಅದೇ ವಿದ್ಯುತ್ತು ಮೈಯಲ್ಲೂ ಕೂಡಿಕೊಳ್ಳುತ್ತದೆ. ನೈಲಾನಿಗೆ ನೈಲಾನ್ ತಿಕ್ಕಿದಾಗ, ಗಾಳಿ ಒಣಗಿದ್ದಾಗ ಇನ್ನೂ ಹೆಚ್ಚು. ಮಳೆಗಾಲದ ತೇವದಲ್ಲಿ ಸುಮ್ಮನಿದ್ದ ಸಾಕ್ಸು ಸಂಕ್ರಾಂತಿಯ ಒಣ ಗಾಳಿಗೆ ಕಾದಿತ್ತು. ಮನುಷ್ಯನಿಗೆ ಚಟ್ ಎನ್ನುವುದು ರ್ಯಾಮಿಗೆ ಸಿಡಿಲು. ಮುಟ್ಟುವ ಮುಂಚೆ ಮುಂಗೈಗೆ ಪಟ್ಟಿ ಕಟ್ಟಿ, ಅದರ ವೈರನ್ನು ಡಬ್ಬದ ಲೋಹಕ್ಕೆ ಸಿಕ್ಕಿಸಬೇಕು. ಕೇಂದ್ರದಲ್ಲಿ ಅಂಥ ಪಟ್ಟಿ ಒಂದಿತ್ತು. ಬೆಲೆ ಬಾಳುವ ವಸ್ತುವೆಂದು ಭಗವಂತರಾಯರು ಅದನ್ನು ಟೈಪಿಂಗ್ ಸ್ಪರ್ಧೆಯ ಷೀಲ್ಡಿನ ಪಕ್ಕ ಗಾಜಿನ ಶೋಕೇಸಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ವಿಮಲಾಕ್ಷಿ ಪಾಠ ಮಾಡುವಾಗ ಶೋಕೇಸಿನ ಕಡೆ ಕೈ ತೋರಿಸುತ್ತಿದ್ದರು. ಆಮೇಲೆ ಸಾಕ್ಸ್ ಹಾಕಿದ ಹುಡುಗರು ಒಬ್ಬರಾದ ಮೇಲೊಬ್ಬರು ನಡೆದುಬಂದು ರ್ಯಾಮ್ ಕಿತ್ತು, ಸಿಕ್ಕಿಸಿ, ಕಲಿಯುತ್ತಿದ್ದರು.

ಮಧ್ಯಾಹ್ನ ವಿಮಲಾಕ್ಷಿ ಮಾಲೀಕರ ಕ್ಯಾಬಿನ್ನಿಗೆ ಹೋಗಿ ಇದಿಷ್ಟನ್ನೂ ಹೇಳಿದರು. ಭಗವಂತರಾಯರು ಕೊನೆಯವರೆಗೂ ಕೇಳಿದರು.

"ಅಂದ್ರೆ, ನಾನು ಹಾಕ್ಸಿದ ಕಾರ್ಪೆಟ್ಟು, ನಾನು ತಂದ ಸಾಕ್ಸು, ಎರಡೂ ಸೇರ್ಕೊಂಡು ಕದ್ದಿವೆ."

"ಕದ್ದಿಲ್ಲ ಸಾರ್. ಸಾಯಿಸಿವೆ."

"ತೋರ್ಸಿ."

ಇದನ್ನು ವಿಮಲಾಕ್ಷಿ ನಿರೀಕ್ಷಿಸಿರಲಿಲ್ಲ. ಯಾವ ರ್ಯಾಮ್ ಬಳಸುವುದು ಎಂದು ಅವರು ಕೇಳಿದರೆ ಭಗವಂತರಾಯರು, "ಲ್ಯಾಬಿಂದು ಬೇಡ, ಅದು ನಿಮ್ಮ ಕೈಯಲ್ಲೇ ಇರೋದು. ನನ್ನ ಮೆಷೀನಿಂದು ತಗೊಳ್ಳಿ. ಈ ಕ್ಯಾಬಿನ್ ಕೀ ಇರೋದು ನನ್ನ ಜೇಬಲ್ಲಿ ಮಾತ್ರ, ಅದಲುಬದಲು ಮಾಡೋಕೆ ಯಾರಿಗೂ ಆಗಲ್ಲ" ಎಂದರು.

ವಿದ್ಯಾರ್ಥಿಗಳು ಸುತ್ತ ನಿಂತರು. ಮಾಲೀಕರ ಯಂತ್ರದ ಕಡ್ಡಿಯನ್ನು ವಿಮಲಾಕ್ಷಿ ತೆಗೆದು ಲ್ಯಾಬಿನ ಮೇಜಿನ ಮೇಲಿಟ್ಟರು. ಭಗವಂತರಾಯರು ಸಾಕ್ಸ್ ಹಾಕಿಕೊಂಡು, ಹೇಳಿಕೊಟ್ಟಂತೆ ಕಾಲೆಳೆಯುತ್ತ, ಮದುವೆ ಮಂಟಪದ ವರನ ಗಾಂಭೀರ್ಯದಲ್ಲಿ ಆ ತುದಿಯಿಂದ ಈ ತುದಿಗೆ ಬಂದರು. ಬೆರಳಿನಿಂದ ಚಿನ್ನದ ಹಲ್ಲುಗಳನ್ನು ಮುಟ್ಟಿದರು. ಚಟ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು. "ಅಬಾಬಾ" ಎಂದು ಕೈ ಕೊಡವಿದರು. ಕಡ್ಡಿಯನ್ನು ವಾಪಸ್ ಸಿಕ್ಕಿಸಿ ಸ್ವಿಚ್ ಹಾಕಲಾಯಿತು.

ಪುಟ್ಟ ಬೀಪ್ ಒಂದು ಬಂತು. ವಿಂಡೋಸ್ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು.

"ನೋಡಿದ್ರಾ?" ಎಂದರು ಭಗವಂತರಾಯರು.

"ಪ್ರತಿ ಸಲ ಆಗ್ಲೇ ಸಾಯಲ್ಲ ಸಾರ್. ಒಳಗೆ ಏಟು ಬಿದ್ದಿರತ್ತೆ. ಸ್ವಲ್ಪ ದಿನ ಓಡಿ ಆಮೇಲೆ ಸಾಯತ್ತೆ."

"ಆಮೇಲೆ ಎಲ್ಲರೂ ಸಾಯ್ತಾರೆ ಮೇಡಂ. ಸ್ಕ್ರೂಡ್ರೈವರ್ ಇಲ್ಲಿಡಿ, ನಾಳೆಯಿಂದ ಬರ್ಬೇಡಿ."

ವಿಮಲಾಕ್ಷಿ ಹೇಳಿದ್ದು ನಿಜವೇ ಆಗಿತ್ತು. ಆದರೆ ಆ ಗಳಿಗೆಯಲ್ಲಿ ಅದು ಸಿಕ್ಕಿಬಿದ್ದವರು ಹೇಳುವ ಮಾತಿನಂತೆಯೇ ಕೇಳಿಸಿತು. ಅವರು ಸಾಕ್ಸ್ ಬಿಚ್ಚಿ ಬುಟ್ಟಿಗೆ ಹಾಕಿ, ಚಪ್ಪಲಿ ಮೆಟ್ಟಿ ಇಳಿದುಹೋದರು.

ಹಾರ್ಡ್‌ವೇರ್ ಪಾಠವನ್ನು ಭಗವಂತರಾಯರೇ ವಹಿಸಿಕೊಂಡರು. ಪುಸ್ತಕ ಹಿಡಿದು ಓದಿಸುತ್ತಿದ್ದರು. ಯಂತ್ರ ಬಿಚ್ಚುವುದು ಅವರಿಗೆ ಬರುತ್ತಿರಲಿಲ್ಲ, ಹಾಗಾಗಿ ಯಾರೂ ಬಿಚ್ಚಲಿಲ್ಲ. ಯಾರೂ ಬಿಚ್ಚದ್ದರಿಂದ ಯಾವ ರ್ಯಾಮೂ ಸಾಯಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು, ಉದ್ದನೆಯ ಬೀಪ್ ಕೇಳಿಸಲಿಲ್ಲ. ಕಳ್ಳತನ ಸಾಬೀತಾಗಲು ಇನ್ನೇನು ಬೇಕು? ಹಲಸೂರಿನ ಒಂದು ಇನ್‌ಸ್ಟಿಟ್ಯೂಟಿನವರು ಫೋನ್ ಮಾಡಿ, ವಿಮಲಾಕ್ಷಿ ಎಂಬುವರು ಕೆಲಸ ಕೇಳಿಕೊಂಡು ಬಂದಿದ್ದಾರೆ, ಹೇಗೆ ಎಂದು ವಿಚಾರಿಸಿದಾಗ ಭಗವಂತರಾಯರು ಸುಳ್ಳು ಹೇಳಲಿಲ್ಲ. "ಕೆಲಸ ಬಹಳ ಚೆನ್ನಾಗಿ ಗೊತ್ತು. ಅವರು ಹೋದ ಮೇಲೆ ನಮ್ಮಲ್ಲಿ ಒಂದೂ ರ್ಯಾಮ್ ಹೋಗಿಲ್ಲ" ಎಂದರು. ವಿಮಲಾಕ್ಷಿಗೆ ಆ ಕೆಲಸ ಸಿಗಲಿಲ್ಲ.

ಆಮೇಲೆ ಭಗವಂತರಾಯರ ಸ್ವಂತ ಯಂತ್ರ ಅರ್ಧಕ್ಕೆ ನಿಲ್ಲತೊಡಗಿತು. ಮೊದಲು ಇಸ್ಪೀಟ್ ಆಟದ ನಡುವೆ, ಮುಂದೆ ರಸೀದಿ ಅಚ್ಚು ಹಾಕುವಾಗ. ಪರದೆ ನೀಲಿಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ಒಂದು ಬೆಳಿಗ್ಗೆ ಬರಲೇ ಇಲ್ಲ. ಕ್ಯಾಬಿನ್ನಿನಿಂದ ಉದ್ದನೆಯ ಬೀಪ್ ಹೊರಟು ಲ್ಯಾಬಿನವರೆಗೂ ಕೇಳಿಸಿತು.

"ಸಾರ್‌ದೂ ಹೋಯ್ತು" ಎಂದರು ಮಾನಮ್ಮ, ಯಾರೂ ಕೇಳದಿದ್ದರೂ.

ಅಂಗಡಿಯಿಂದ ಬಂದ ಸರ್ವಿಸ್‌ನವನು ಕಡ್ಡಿ ಬದಲಾಯಿಸಿ, ಹಳೆಯದನ್ನು ಬೆಳಕಿಗೆ ಹಿಡಿದು ಕೇಳಿದ. "ಇದನ್ನ ಯಾರಾದ್ರೂ ಬರಿಗೈಲಿ ಮುಟ್ಟಿದ್ರಾ ಸಾರ್?"

"ನಾನೇ" ಎಂದರು ಭಗವಂತರಾಯರು. ಕ್ಯಾಬಿನ್ನಿನ ಕೀ ಅವರ ಜೇಬಿನಲ್ಲೇ ಇತ್ತು. ಅವರದೇ ತರ್ಕದ ಪ್ರಕಾರ ಕಳ್ಳನನ್ನು ಹಿಡಿಯಲು ಹೆಚ್ಚು ದೂರ ಹೋಗಬೇಕಿರಲಿಲ್ಲ.

ಭಾನುವಾರ ಅವರು ಸ್ಕೂಟರಿನಲ್ಲಿ ವಿಮಾನಪುರಕ್ಕೆ ಹೋದರು. ಕೈಯಲ್ಲಿ ಬೇಕರಿಯ ದಿಲ್‌ಪಸಂದ್ ಪೊಟ್ಟಣ. ಈರೇಶ ಕುರ್ಚಿ ಹಾಕಿದರು. ವಿಮಲಾಕ್ಷಿ ಚಹಾ ತಂದುಕೊಟ್ಟು ನಿಂತೇ ಇದ್ದರು.

"ಹಳೇದೆಲ್ಲ ಬಿಟ್ಬಿಡಿ ಮೇಡಂ. ಹುಡುಗ್ರು ಕೇಳ್ತಿದಾರೆ. ಸೋಮವಾರದಿಂದ ಬಂದ್ಬಿಡಿ."

"ಬರ್ತೀನಿ ಸಾರ್. ಹುಡುಗ್ರ ಮುಂದೆ ಕೇಳಿದ್ರಲ್ಲ ನನ್ನ, ಅವರ ಮುಂದೇನೇ ಹೇಳಿ, ನಾನು ತಗೊಂಡಿಲ್ಲ ಅಂತ. ಹಲಸೂರಿನವರಿಗೂ ಹೇಳಿ."

"ವಾಪಸ್ ಕರ್ಕೊಂಡ್ರೆ ಅರ್ಥ ಆಗಲ್ವಾ ಅವರಿಗೆ?"

"ಆಗಲ್ಲ. ಮಾಫಿ ಸಿಕ್ತು ಅಂದ್ಕೊಳ್ತಾರೆ."

ಭಗವಂತರಾಯರು ಚಹಾ ಮುಗಿಸಿದರು. ಗಂಡನ ಕಡೆ ನೋಡಿದರು. ಈರೇಶ ದಿಲ್‌ಪಸಂದ್ ತಿನ್ನುತ್ತಿದ್ದರು, ಸಹಾಯಕ್ಕೆ ಬರುವ ಲಕ್ಷಣ ಇರಲಿಲ್ಲ.

ಸೋಮವಾರ ಭಗವಂತರಾಯರು ಲ್ಯಾಬಿನಲ್ಲಿ ಮಾಡಿದ ಭಾಷಣ ತಂತ್ರಜ್ಞಾನದ ಮುನ್ನಡೆಯಿಂದ ಶುರುವಾಗಿ, ತಮ್ಮ ಕೇಂದ್ರದ ಸೇವೆಯನ್ನು ಹಾದು, ಮನುಷ್ಯ ಎಂದ ಮೇಲೆ ತಪ್ಪು ತಿಳಿವಳಿಕೆ ಸಹಜ ಎಂಬಲ್ಲಿಗೆ ಬಂದು ನಿಂತಿತು. ವಿಮಲಾಕ್ಷಿ ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು.

"ಯಾರ ತಪ್ಪು ತಿಳಿವಳಿಕೆ ಸಾರ್?" ಸುರಯ್ಯಾ ಕೇಳಿದಳು.

"ರ್ಯಾಮ್ ಕಳ್ಳತನ ಆಗಿಲ್ಲ. ಕರೆಂಟಿಂದ ಸತ್ತಿವೆ. ಮೇಡಂ ಏನೂ ತಗೊಂಡಿಲ್ಲ. ಸಾಕಾ?"

"ಅವತ್ತು ಎರಡು ಭಾಷೇಲಿ ಬೈದಿದ್ರಿ ಸಾರ್. ಇದು ಒಂದರಲ್ಲೇ ಆಯ್ತು."

ತರಗತಿ ನಕ್ಕಿತು. ಗುಲ್ಬರ್ಗ ಸೀಮೆಯವರಿಗೆ ದಖ್ಖನಿ ಬರುವುದಿಲ್ಲವೆಂದು ಹೇಳಿಕೊಳ್ಳುವ ಹಾಗಿಲ್ಲ. "ಮೇಡಂ ಚೋರಿ ನೈಂ ಕರೇ" ಎಂದರು ಭಗವಂತರಾಯರು, ಗೋಡೆಯ ಕಡೆ ನೋಡಿಕೊಂಡು. ಬಳಿಕ ಕ್ಯಾಬಿನ್ನಿಗೆ ಹೋಗಿ ಹಲಸೂರಿಗೆ ಫೋನ್ ಮಾಡಿದರು. ಬಾಗಿಲು ತೆರೆದೇ ಇತ್ತು. ವಿಮಲಾಕ್ಷಿ ಅದನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡರು.

ಕಾರ್ಪೆಟ್ ತೆಗೆಸುವ ಮಾತಿಗೆ ಮಾತ್ರ ಭಗವಂತರಾಯರು ಒಪ್ಪಲಿಲ್ಲ. ಅಡ್ಮಿಷನ್ನಿಗೆ ಬರುವ ತಂದೆತಾಯಿಗಳಿಗೆ ಏನು ತೋರಿಸುವುದು? ಸಾಕ್ಸೂ ಉಳಿಯಿತು. ಬದಲಿಗೆ ಬಿಚ್ಚಿ ಕಲಿಯುವ ಯಂತ್ರಗಳನ್ನು ಲ್ಯಾಬಿನಿಂದ ಹೊರಗೆ, ಮೆಟ್ಟಿಲ ಪಕ್ಕದ ಮೊಸಾಯಿಕ್ ನೆಲದ ವರಾಂಡಕ್ಕೆ ಸಾಗಿಸಲಾಯಿತು. ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್‌ನ ಹೊಸ ಬ್ಯಾಚ್ ಏಪ್ರಿಲ್ ಮೊದಲ ವಾರ ಅಲ್ಲೇ ಶುರುವಾಯಿತು, ಪಾಠ ವಿಮಲಾಕ್ಷಿಯವರದು.